‘ಸಾಕು’ ಎನ್ನುವ ಅಧಿಕಾರ: ಆಯ್ದಕ್ಕಿ ಲಕ್ಕಮ್ಮನ ವಚನಗಳನ್ನು ಮತ್ತೆ ಓದುತ್ತ

೧

ಕಳೆದ ವರ್ಷ ರಾಜ್ಯದ ಹೊರಗಿನ ನಗರವೊಂದರಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ವಚನಕಾರರ ಕಾಯಕ ಮತ್ತು ದಾಸೋಹ ಪರಿಕಲ್ಪನೆಗಳನ್ನು ಕುರಿತು ಪ್ರಬಂಧವೊಂದನ್ನು ಮಂಡಿಸಿದ್ದೆ. ಆಯ್ದಕ್ಕಿ ಲಕ್ಕಮ್ಮನ ವಚನಗಳಲ್ಲಿ ವ್ಯಕ್ತವಾಗುವ ತೃಪ್ತಿಯ ಆದರ್ಶವನ್ನು ಸಾಕಷ್ಟು ಉತ್ಸಾಹದಿಂದಲೇ ಎತ್ತಿಹಿಡಿದಿದ್ದೆ. ಚರ್ಚೆಯ ವೇಳೆಯಲ್ಲಿ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ವರ್ಷಕ್ಕೆ ಎಷ್ಟು ಸಂಬಳವಿದ್ದರೆ ಸಂತೋಷವಾಗಿ ಬದುಕಬಹುದು? ಲಕ್ಕಮ್ಮನ ಲೆಕ್ಕದಲ್ಲೇ ಹೇಳಿ” ಎಂದು ಕೇಳಿದಳು. “ಲಕ್ಕಮ್ಮನಿಗೆ ವರ್ಷದ ಲೆಕ್ಕವಿರಲಿಲ್ಲಮ್ಮ, ದಿನದ ಲೆಕ್ಕವಷ್ಟೇ ಇತ್ತು” ಎಂದೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಆಕೆ ಮರುಮಾತಾಡದೆ ಕುಳಿತುಕೊಂಡಳು. ಆಕೆಗೆ ಬರಬೇಕಾದ ಶಿಷ್ಯವೇತನ ಐದು ತಿಂಗಳಿಂದ ಬಂದಿಲ್ಲವೆಂಬ ಸಂಗತಿ ಊಟದ ಹೊತ್ತಿಗೆ ಬೇರೊಬ್ಬರಿಂದ ತಿಳಿಯಿತು.

ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಸಂಬಳ ಪಡೆಯುವ ಪ್ರಾಧ್ಯಾಪಕನೊಬ್ಬ, ಕೈಯಲ್ಲಿ ಕಾಸಿಲ್ಲದ ಸಂಶೋಧಕಿಗೆ ಹನ್ನೆರಡನೆಯ ಶತಮಾನದ ಹೆಣ್ಣುಮಗಳೊಬ್ಬಳ ತೃಪ್ತಿಯನ್ನು ಬೋಧಿಸಿದ ಹಾಗಾಯಿತು. ಇದು ವೈಯಕ್ತಿಕ ಸಂಕೋಚದ ವಿಷಯವಾಗಿ ಮಾತ್ರ ಉಳಿಯುವುದಾದರೆ ಇಲ್ಲಿ ದಾಖಲಿಸುವ ಅಗತ್ಯವಿರಲಿಲ್ಲ. ಲಕ್ಕಮ್ಮನನ್ನು ನಾವು ಓದುತ್ತ ಬಂದಿರುವ ಕ್ರಮದಲ್ಲಿಯೇ ದೋಷವೊಂದಿದೆಯೆಂದು ನನಗೆ ಈಗ ತೋರುತ್ತದೆ. ಆ ದೋಷವನ್ನು ಗುರುತಿಸುವುದು, ವಿದ್ಯಾರ್ಥಿನಿಯ ಪ್ರಶ್ನೆಗೆ ತಕ್ಕ ಉತ್ತರ ವಚನಗಳಲ್ಲಿ ದೊರೆಯುತ್ತದೆಯೇ ಎಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ನನ್ನ ಉತ್ತರದ ಸತ್ಯಾಸತ್ಯತೆಯನ್ನು ನೋಡಬೇಕು. ಮಧ್ಯಕಾಲೀನ ಕರ್ನಾಟಕಕ್ಕೆ ವಾರ್ಷಿಕ ವರಮಾನದ ಕಲ್ಪನೆ ಚೆನ್ನಾಗಿಯೇ ಇತ್ತು. ಪಂಪನಿಗೆ ಅರಿಕೇಸರಿಯು ಧರ್ಮವುರವೆಂಬ ಗ್ರಾಮವನ್ನು ಕೊಟ್ಟದ್ದು ಕಾವ್ಯದಿಂದಲೂ, ಇಂದಿನ ತೆಲಂಗಾಣದ ಕರೀಂನಗರ ಸೀಮೆಯ ಗಂಗಾಧರಂ ಶಾಸನದಿಂದಲೂ ತಿಳಿದುಬರುತ್ತದೆ. ಗ್ರಾಮವನ್ನು ಕೊಡುವುದೆಂದರೆ ವರ್ಷವರ್ಷದ ಬೆಳೆಯ ಪಾಲನ್ನು ಕೊಡುವುದೇ. ಕಲಬುರಗಿ ಜಿಲ್ಲೆಯ ನಾಗಾವಿಯ ೧೦೫೮ರ ಶಾಸನವು ಅಲ್ಲಿನ ಘಟಿಕಾಸ್ಥಾನದ ಉಪಾಧ್ಯಾಯರಿಗೂ ಆರು ಮಂದಿ ಸರಸ್ವತೀಭಂಡಾರಿಗರಿಗೂ, ಎಂದರೆ ಗ್ರಂಥಪಾಲಕರಿಗೂ, ಜೀವನೋಪಾಯ ಕಲ್ಪಿಸಿದ ವಿವರವನ್ನು ಕೊಡುತ್ತದೆ. ಕಳಚುರಿ ಬಿಜ್ಜಳನ ಭಂಡಾರಿಯಾಗಿದ್ದರೆಂದು ಪರಂಪರೆ ಹೇಳುವ ಬಸವಣ್ಣನವರಿಗೆ ವರ್ಷದ ಆಯವ್ಯಯದ ಅರಿವಿರಲಿಲ್ಲವೆನ್ನಲು ಬರುವಂತಿಲ್ಲ.

ಅಂಥ ಬಸವಣ್ಣನವರೇ ತಮ್ಮದೊಂದು ಪ್ರಸಿದ್ಧ ವಚನದಲ್ಲಿ ಹೊನ್ನು, ಸೀರೆ, ಅನ್ನ ಇವುಗಳಲ್ಲಿ ಅತ್ಯಲ್ಪ ಭಾಗವನ್ನೂ ಇಂದಿಗಾಗಿ, ನಾಳೆಗಾಗಿ ತಾವು ಬಯಸುವುದಿಲ್ಲವೆಂದು ಆಣೆಯಿಟ್ಟು ಹೇಳುತ್ತಾರೆ. ರಾಜ್ಯದ ಭಂಡಾರವನ್ನು ವರ್ಷಲೆಕ್ಕದಲ್ಲಿ ನೋಡುವವರು ತಮ್ಮ ಬದುಕನ್ನು ದಿನಲೆಕ್ಕದಲ್ಲಿ ನೋಡಿಕೊಳ್ಳುತ್ತಿದ್ದಾರೆ. ಆದುದರಿಂದ ವಚನಕಾರರ ದಿನಲೆಕ್ಕವು ಹಿಂದುಳಿದ ಆರ್ಥಿಕತೆಯ ಲಕ್ಷಣವಲ್ಲ. ವರ್ಷಲೆಕ್ಕವನ್ನು ಬಲ್ಲವರು ತಿಳಿದೇ ಮಾಡಿಕೊಂಡ ಆಯ್ಕೆ. ಲಕ್ಕಮ್ಮನಿಗೆ ದಿನದ ಲೆಕ್ಕವಷ್ಟೇ ಇತ್ತೆಂಬ ನನ್ನ ಮಾತು ಆಕೆಯ ಈ ಆಯ್ಕೆಯನ್ನು ಮರೆಮಾಡಿ, ಆಕೆಯನ್ನು ಮುಗ್ಧೆಯನ್ನಾಗಿ ಚಿತ್ರಿಸಿತ್ತು.

ಶಬ್ದಗಳ ಕಡೆಗೂ ಒಂದು ನೋಟ ಹರಿಸಬಹುದು. ಇಂದು ನಾವು ಬಳಸುವ ‘ಸಂಬಳ’ವು ಸಂಸ್ಕೃತದ ‘ಶಂಬಲ’ದಿಂದ ಬಂದುದು, ಅದರ ಅರ್ಥ ದಾರಿಯ ಬುತ್ತಿ. ‘ಉಂಬಳಿ’ಯಲ್ಲಿ ಉಣ್ಣುವ ಕ್ರಿಯೆಯಿದೆ. ಸೇವೆಗೆ ಪ್ರತಿಯಾಗಿ ದೊರೆಯುವ ಜೀವನಾಧಾರಕ್ಕೆ ‘ಜೀವಿತ’ ಎಂದಿದ್ದುದು ತದ್ಭವಗೊಂಡು ‘ಜೀತ’ವಾಯಿತು. ಮುಂಬಯಿ, ಪುಣೆಗಳ ಕನ್ನಡಿಗರು ‘ಪಗಾರ’ ಎನ್ನುವ ಶಬ್ದ ಪೋರ್ಚುಗೀಸ್ ಮೂಲದ್ದು. ಅದರಲ್ಲಿ ಹಣ ಸಲ್ಲಿಸುವ ಅರ್ಥವಷ್ಟೇ ಇದೆ. ನಮ್ಮ ಹಳೆಯ ಶಬ್ದಗಳು ದುಡಿಮೆಯ ಫಲವನ್ನು ಉಣ್ಣುವುದರೊಡನೆ, ಬದುಕುವುದರೊಡನೆ, ದಾರಿ ಸವೆಸುವುದರೊಡನೆ ಜೋಡಿಸಿವೆ ಎಂದು ಸಂಭ್ರಮಿಸುವುದು ಸುಲಭ. ಆದರೆ ಬದುಕು ಎಂಬ ಅರ್ಥದ ಶಬ್ದವೇ ಜೀತವಾಗಿ, ಸಾಲಕ್ಕೆ ದೇಹವನ್ನು ಒತ್ತೆಯಿಟ್ಟು ದುಡಿಯುವ ಪದ್ಧತಿಯ ಹೆಸರಾಯಿತು. ಹೊಟ್ಟೆಗೆ ಮಾತ್ರ ಎಂಬ ಅಳತೆಯನ್ನು ದುಡಿಸಿಕೊಳ್ಳುವವನು ನಿಗದಿಮಾಡಿದಾಗ ಬದುಕು ಬಂಧನವಾಗುತ್ತದೆ ಎಂಬುದಕ್ಕೆ ಈ ಒಂದು ಶಬ್ದದ ಚರಿತ್ರೆಯೇ ಸಾಕ್ಷಿ. ಲಕ್ಕಮ್ಮನನ್ನು ಓದುವಾಗ ಈ ಎಚ್ಚರ ನಮಗಿರಬೇಕು.

೩

ಲಕ್ಕಮ್ಮ ಮತ್ತು ಮಾರಯ್ಯ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯವರೆಂದು ಪ್ರತೀತಿ. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ದಂಪತಿಗಳ ಬದುಕು, ದಾಸೋಹ ಎರಡೂ ನಡೆಯಬೇಕು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಬಸವಣ್ಣನವರೇ ಪರೀಕ್ಷಾರ್ಥವಾಗಿ ಹೆಚ್ಚು ಚೆಲ್ಲಿಸಿದ್ದರೆಂದು ಕಥೆ. ಲಕ್ಕಮ್ಮ ಅದನ್ನು ಕಂಡೊಡನೆ ತಮಗೆ ಬೇಕಾದುದಕ್ಕಿಂತ ಹೆಚ್ಚಿನ ಅಕ್ಕಿ ಏಕೆಂದು ಪ್ರಶ್ನಿಸುತ್ತಾಳೆ. ಆಸೆ ಅರಸರಿಗೆ ಸಲ್ಲುವ ಗುಣವೇ ಹೊರತು ಭಕ್ತರಿಗಲ್ಲವೆಂದು ನೆನಪಿಸುತ್ತಾಳೆ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸುತ್ತಾಳೆ.

ಇಲ್ಲಿ ಪಠ್ಯದ ಪ್ರಶ್ನೆಯೊಂದಿದೆ. ವಚನಗಳನ್ನು ಹನ್ನೆರಡನೆಯ ಶತಮಾನದವೆಂದು ಒಪ್ಪಿದರೂ ಅವನ್ನು ಪ್ರಸಂಗವಾಗಿ ಜೋಡಿಸಿರುವ ಶೂನ್ಯಸಂಪಾದನೆಗಳು ಹದಿನೈದನೆಯ ಶತಮಾನದ ಮತ್ತು ಅನಂತರದ ಕೃತಿಗಳು. ಯಾವ ವಚನ ಯಾವ ಮಾತಿಗೆ ಉತ್ತರವಾಯಿತು ಎಂಬ ಕ್ರಮ ಸಂಪಾದನಕಾರನದು. ಆದುದರಿಂದ ಈ ಕಥೆಯನ್ನು ಆಧರಿಸಿ ಕಲ್ಯಾಣದ ಕೂಲಿಯ ದರವನ್ನಾಗಲಿ ಅಕ್ಕಿಯ ಬೆಲೆಯನ್ನಾಗಲಿ ಊಹಿಸುವುದು ಸಾಧ್ಯವಿಲ್ಲ. ಒಂದು ಸಮುದಾಯ ತನ್ನ ಪೂರ್ವಿಕರನ್ನು ನೆನೆದುಕೊಂಡ ಬಗೆಯನ್ನು ತಿಳಿಯಲು ಮಾತ್ರ ಅದನ್ನು ಬಳಸಬಹುದು. ಆ ಮಿತಿಯೊಳಗೂ ಕಥೆ ಬಹಳಷ್ಟನ್ನು ಹೇಳುತ್ತದೆ.

ಈ ಪ್ರಸಂಗಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಓದುಗಳು ಪ್ರಚಲಿತವಾಗಿವೆ. ಬಡತನವನ್ನು ಪಾವಿತ್ರ್ಯದ ಗುರುತಾಗಿ ಕಂಡು ಲಕ್ಕಮ್ಮನನ್ನು ನಿರಾಸೆಯ ಮೂರ್ತಿಯೆಂದು ಕೊಂಡಾಡುವುದು ಒಂದು. ಸಂಗ್ರಹವನ್ನು ವಿರೋಧಿಸಿದ ಆರ್ಥಿಕ ಚಿಂತನೆಯಾಗಿ ಕಂಡು ಆಕೆಯನ್ನು ಸಮಾಜವಾದದ ಪೂರ್ವಸೂರಿಯೆನ್ನುವುದು ಇನ್ನೊಂದು. ನನ್ನ ಪ್ರಬಂಧದಲ್ಲಿ ಈ ಎರಡನ್ನೂ ಬೆರೆಸಿದ್ದೆ. ಎರಡೂ ಓದುಗಳು ವಚನದಿಂದ ‘ಸಂದೇಶ’ವನ್ನು ಬಿಡಿಸಿಕೊಂಡು, ಅದನ್ನು ಯಾರು ಯಾರಿಗೆ ಹೇಳಿದರು ಎಂಬುದನ್ನು ಕೈಬಿಡುತ್ತವೆ. ವಚನವೆಂದರೆ ಆಡಿದ ಮಾತು. ಮಾತಿಗೆ ವಕ್ತೃವಿದ್ದಂತೆ ಕೇಳುವವನೂ ಇರುತ್ತಾನೆ. ಲಕ್ಕಮ್ಮನ ಅಂಕಿತದಲ್ಲಿ ಮಾರಯ್ಯನ ಹೆಸರು ಸೇರಿಕೊಂಡಿರುವುದು ಔಪಚಾರಿಕವಲ್ಲ. ಆಕೆಯ ವಚನಗಳಲ್ಲಿ ಬಹುಪಾಲು ಗಂಡನೊಡನೆ ನಡೆಸಿದ ಸಂವಾದದಂತೆಯೇ ಇವೆ.

ಹೀಗೆ ನೋಡಿದಾಗ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ‘ಇಷ್ಟು ಸಾಕು’ ಎಂಬ ಮಾತನ್ನು ಆಡುವವಳು ಆ ಅಕ್ಕಿಯನ್ನೇ ಬೇಯಿಸಿ ಉಣಬಡಿಸಬೇಕಾದವಳು. ಅಳತೆ ಆಕೆಯ ಕೈಯಲ್ಲಿದೆ. ಹೆಚ್ಚು ಎಷ್ಟು, ಕಡಿಮೆ ಎಷ್ಟು ಎಂಬುದು ಆಕೆಗೆ ನೋಟದಲ್ಲೇ ತಿಳಿಯುತ್ತದೆ. ಎರಡನೆಯದಾಗಿ, ಆಕೆಯ ಅಳತೆಯಲ್ಲಿ ಮನೆಯ ಇಬ್ಬರು ಮಾತ್ರವಲ್ಲದೆ ಬಾಗಿಲಿಗೆ ಬರುವ ಜಂಗಮನೂ ಸೇರಿದ್ದಾನೆ. ದಾಸೋಹ ನಡೆಯದಷ್ಟು ಕಡಿಮೆಯಾದರೆ ಅದು ‘ಸಾಕು’ ಆಗುವುದಿಲ್ಲ. ಆದುದರಿಂದ ಇದನ್ನು ಉಪವಾಸದ ಆದರ್ಶವೆನ್ನಲಾಗದು. ಮೂರನೆಯದಾಗಿ, ದಾಸೋಹದ ನೆಪದಲ್ಲಿ ಹೆಚ್ಚನ್ನು ಸಮರ್ಥಿಸಿಕೊಳ್ಳಲು ಆಕೆ ಒಪ್ಪುವುದಿಲ್ಲ. ಅಕ್ಕಿ ಹೆಚ್ಚಾದರೆ ಹೆಚ್ಚು ಜನಕ್ಕೆ ಉಣಿಸಬಹುದಲ್ಲ ಎಂಬ ವಾದ ಮಾರಯ್ಯನಿಗೆ ಲಭ್ಯವಿತ್ತು. ನುಲಿಯ ಚಂದಯ್ಯನ ವಚನವೊಂದು ಈ ವಾದವನ್ನು ನೇರವಾಗಿಯೇ ಎದುರಿಸುತ್ತದೆ: ಜನರನ್ನು ನೋಯಿಸಿ ಕಾಡಿ ತಂದದ್ದನ್ನು ಜಂಗಮಕ್ಕೆ ಅರ್ಪಿಸಿದರೂ ಅದು ಸಲ್ಲುವುದಿಲ್ಲವೆಂದು ಹುಲ್ಲುಹಗ್ಗ ಹೊಸೆದು ಬದುಕಿದ ಆ ಶರಣ ಹೇಳುತ್ತಾನೆ. ಎಷ್ಟು ಬಂತು ಎಂಬುದರಷ್ಟೇ ಎಲ್ಲಿಂದ ಬಂತು ಎಂಬುದೂ ಈ ಅಳತೆಯ ಭಾಗವಾಗಿದೆ.

ಕಥೆಯ ಮತ್ತೊಂದು ಅಂಶವನ್ನು ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಲಕ್ಕಮ್ಮ ‘ಸಾಕು’ ಎಂದದ್ದು ಹೆಚ್ಚಿನ ಅಕ್ಕಿ ಮನೆಗೆ ಬಂದ ದಿನ. ಅಕ್ಕಿ ಕೈಯಲ್ಲಿತ್ತು, ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಆಕೆಯ ನಿರಾಕರಣೆಗೆ ಬೆಲೆ ಬಂದದ್ದು ಆಯ್ಕೆ ಇದ್ದುದರಿಂದ. ಅಕ್ಕಿಯೇ ಸಿಗದ ದಿನ ಇದೇ ಮಾತನ್ನು ಆಡಿದ್ದರೆ ಅದನ್ನು ಏನೆಂದು ಕರೆಯಬೇಕಿತ್ತು? ಈ ಪ್ರಶ್ನೆಗೆ ಲೇಖನದ ಕೊನೆಯಲ್ಲಿ ಮರಳುತ್ತೇನೆ.

೪

ಲಕ್ಕಮ್ಮನ ಪರವಾಗಿ ವಾದಿಸುವವರು ತಪ್ಪಿಸಿಕೊಳ್ಳಲಾಗದ ಒಂದು ವಚನವಿದೆ. ಮನಸ್ಸು ಶುದ್ಧವಿಲ್ಲದವನಿಗಷ್ಟೇ ದ್ರವ್ಯದ ಬಡತನ, ಶುದ್ಧಚಿತ್ತದಿಂದ ಕಾಯಕ ಮಾಡುವ ಭಕ್ತನಿಗೆ ಸಂಪತ್ತು ತಾನಾಗಿಯೇ ಎಲ್ಲೆಡೆ ಇರುತ್ತದೆ ಎಂಬುದು ಅದರ ಭಾವ. ಈ ವಚನವನ್ನು ಸಭೆಗಳಲ್ಲಿ ಅನೇಕ ಸಲ ಉದಾಹರಿಸಿದ್ದೇನೆ. ಆದರೆ ಇದನ್ನು ಒಡೆಯನು ಆಳಿಗೆ ಹೇಳಿದರೆ ಏನಾಗುತ್ತದೆ? ನಿನ್ನ ಬಡತನಕ್ಕೆ ನಿನ್ನ ಮನಸ್ಸೇ ಕಾರಣವೆಂಬ ತೀರ್ಪಾಗುತ್ತದೆ. ಕೂಲಿ ಏರಿಸಬೇಕಾದವನು ಶುದ್ಧಿಯನ್ನು ಬೋಧಿಸಿ ಪಾರಾಗುತ್ತಾನೆ.

ವಚನದ ತಾತ್ಪರ್ಯವನ್ನು ಮೆದುಗೊಳಿಸಿ ಈ ತೊಡಕಿನಿಂದ ಪಾರಾಗುವುದು ಪ್ರಾಮಾಣಿಕವಾಗದು. ಸಂಬೋಧ್ಯವನ್ನು ಉಳಿಸಿಕೊಳ್ಳುವುದೊಂದೇ ದಾರಿ. ಲಕ್ಕಮ್ಮ ತನಗಿಂತ ಬಡವರಾದ ಯಾರಿಗೂ ಈ ಮಾತನ್ನು ಹೇಳುತ್ತಿಲ್ಲ. ಒಂದೇ ಒಲೆಯ ಅನ್ನ ಉಣ್ಣುವ ಗಂಡನಿಗೆ, ತಾನೂ ಸಮಭಾಗಿಯಾದ ಬಡತನದ ಬಗ್ಗೆ ಹೇಳುತ್ತಿದ್ದಾಳೆ. ಮಾತಿನ ಹೊರೆ ಆಡಿದವಳ ತಲೆಯ ಮೇಲೂ ಬೀಳುತ್ತದೆ. ಅದೇ ಮಾತನ್ನು ಹೊರೆಯಿಲ್ಲದವನು ಆಡಿದಾಗ ಶಬ್ದಗಳು ಹಾಗೆಯೇ ಉಳಿದರೂ ವಚನ ಉಳಿಯುವುದಿಲ್ಲ. ಗೋಷ್ಠಿಯಲ್ಲಿ ನಾನು ಮಾಡಿದ ತಪ್ಪು ಇದೇ.

ಹರಿದಾಸರ ಮಧುಕರವೃತ್ತಿಯೊಡನೆ ಹೋಲಿಸಿದರೆ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಜೇನು ಹೂವಿಂದ ಹೂವಿಗೆ ಹೋಗಿ ಸ್ವಲ್ಪಸ್ವಲ್ಪವೇ ತರುವಂತೆ ಮನೆಮನೆಯಿಂದ ಅಂದಂದಿನ ಅಕ್ಕಿ ತರುವುದು ಆ ವೃತ್ತಿ. ಪುರಂದರದಾಸರು ಅಪಾರ ಸಂಪತ್ತನ್ನು ತ್ಯಜಿಸಿ ಈ ಮಾರ್ಗ ಹಿಡಿದರೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಅಲ್ಲಿಯೂ ‘ಸಾಕು’ ಎಂಬ ಮಾತು ಹೆಚ್ಚನ್ನು ಕಂಡು ಬಿಟ್ಟವರ ಬಾಯಿಂದಲೇ ಬರುತ್ತದೆ. ಆದರೆ ದಾಸರ ಅಂದಂದಿನ ಅಕ್ಕಿಗೆ ಗೃಹಸ್ಥರ ಮನೆಗಳಲ್ಲಿ ವರ್ಷದ ಅಕ್ಕಿಯಿರಬೇಕು. ಲಕ್ಕಮ್ಮನ ಮನೆಯ ಅಕ್ಕಿಯೂ ಬೇರೆಯವರ ಅಂಗಳದ್ದೇ ಆದರೂ ಅದು ನೀಡಿದ್ದಲ್ಲ, ಆಯ್ದದ್ದು. ಬೇಡುವುದಕ್ಕೂ ಆಯುವುದಕ್ಕೂ ನಡುವಿನ ಈ ಅಂತರದಲ್ಲಿಯೇ ಕಾಯಕವೆಂಬ ಪರಿಕಲ್ಪನೆ ನಿಂತಿದೆ.

೫

ಗಂಡಹೆಂಡಿರ ಈ ಸಂವಾದ ಮುಂದಿನ ಕಾಲದಲ್ಲಿ ಏನಾಯಿತೆಂದು ನೋಡುವುದು ಉಪಯುಕ್ತ. ಸಂತೋಷಕ್ಕೆ ಎಷ್ಟು ಬೇಕು ಎಂದು ಕೇಳಿದರೆ ಯಾವ ಕನ್ನಡಿಗನ ಬಾಯಿಗೂ ಮೊದಲು ಬರುವುದು ಸರ್ವಜ್ಞನ ತ್ರಿಪದಿ. ಬೆಚ್ಚಗಿನ ಮನೆ, ಖರ್ಚಿಗೆ ಬೇಕಾದಷ್ಟು ಹಣ, ಮನಸ್ಸನ್ನು ಅರಿತು ನಡೆಯುವ ಹೆಂಡತಿ, ಈ ಮೂರಿದ್ದರೆ ಸ್ವರ್ಗವನ್ನೂ ಸುಟ್ಟುಹಾಕಬಹುದೆಂಬ ಅದರ ಲೌಕಿಕ ಧೈರ್ಯ ಮೆಚ್ಚತಕ್ಕದ್ದೇ. ಪರಲೋಕದ ಆಸೆ ತೋರಿಸಿ ಇಹದ ಕೊರತೆಯನ್ನು ಮರೆಸುವವರಿಗೆ ಅದಕ್ಕಿಂತ ಗಟ್ಟಿಯಾದ ಉತ್ತರ ವಿರಳ. ಆದರೂ ಲಕ್ಕಮ್ಮನನ್ನು ಓದಿದ ಮೇಲೆ ಅಲ್ಲಿ ಒಂದು ಪಲ್ಲಟ ಕಣ್ಣಿಗೆ ಬೀಳುತ್ತದೆ. ವಚನದಲ್ಲಿ ಅಳೆಯುವವಳಾಗಿದ್ದ ಹೆಂಡತಿ ತ್ರಿಪದಿಯಲ್ಲಿ ಅಳತೆಯ ಪಟ್ಟಿಯೊಳಗಿನ ಒಂದು ಬಾಬಾಗಿದ್ದಾಳೆ. ಮನೆ, ಹೊನ್ನು, ಸತಿ ಎಂದು ಎಣಿಸುತ್ತಿರುವವನು ಯಜಮಾನ. ಆತನ ಇಚ್ಛೆಯನ್ನು ಆಕೆ ಅರಿಯಬೇಕು. ಆಕೆಯ ‘ಸಾಕು’ ಯಾವುದು ಎಂಬುದನ್ನು ತ್ರಿಪದಿ ಕೇಳುವುದಿಲ್ಲ.

ಸ್ವತಂತ್ರ ಭಾರತವು ‘ಸಾಕು’ ಎಂಬುದಕ್ಕೆ ಅಂಕಿಯ ರೂಪ ಕೊಡಲು ಯತ್ನಿಸಿದಾಗಲೂ ಇದೇ ಎಣಿಕೆಯ ಕ್ರಮ ಮುಂದುವರಿಯಿತು. ೧೯೫೭ರಲ್ಲಿ ನಡೆದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಅಗತ್ಯಾಧಾರಿತ ಕನಿಷ್ಠ ವೇತನಕ್ಕೆ ಸೂತ್ರವೊಂದನ್ನು ರೂಪಿಸಿತು. ದುಡಿಯುವವನೊಬ್ಬನಿಗೆ ಮೂರು ಬಳಕೆಯ ಘಟಕಗಳು, ವಯಸ್ಕನಿಗೆ ದಿನಕ್ಕೆ ೨,೭೦೦ ಕ್ಯಾಲೊರಿ ಆಹಾರ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ೭೨ ಗಜ ಬಟ್ಟೆ, ಮನೆಬಾಡಿಗೆ, ಇಂಧನ, ದೀಪ ಮತ್ತು ಇತರ ವೆಚ್ಚಕ್ಕೆ ಒಟ್ಟು ವೇತನದ ಶೇಕಡಾ ೨೦. ಆಹಾರದ ಲೆಕ್ಕಕ್ಕೆ ಆಧಾರವೊದಗಿಸಿದವರು ಕೂನೂರಿನ ಪೋಷಣಾ ಸಂಶೋಧನಾಲಯದ ನಿರ್ದೇಶಕರಾಗಿದ್ದ ವ್ಯಾಲೇಸ್ ಐಕ್ರಾಯ್ಡ್. ಆ ಸಂಸ್ಥೆಯೇ ಅನಂತರ ಹೈದರಾಬಾದಿಗೆ ಸ್ಥಳಾಂತರಗೊಂಡಿತು. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ರೆಪ್ಟಕೋಸ್ ಬ್ರೆಟ್ ಪ್ರಕರಣದ ತೀರ್ಪಿನಲ್ಲಿ ಮಕ್ಕಳ ವಿದ್ಯಾಭ್ಯಾಸ, ವೈದ್ಯಕೀಯ ವೆಚ್ಚ, ಹಬ್ಬಹರಿದಿನಗಳೂ ಸೇರಿದ ಮನರಂಜನೆ, ಮುಪ್ಪು, ಮದುವೆ ಮುಂತಾದವುಗಳಿಗಾಗಿ ಇನ್ನೂ ಶೇಕಡಾ ೨೫ನ್ನು ಪರಿಗಣಿಸಬೇಕೆಂದಿತು. ೨೦೧೬ರ ಜನವರಿ ೧ರಿಂದ ಜಾರಿಗೆ ಬಂದ ಏಳನೆಯ ವೇತನ ಆಯೋಗದ ಕನಿಷ್ಠ ಮೂಲವೇತನವಾದ ತಿಂಗಳಿಗೆ ೧೮,೦೦೦ ರೂಪಾಯಿಗೂ ಐಕ್ರಾಯ್ಡ್ ಸೂತ್ರವೇ ತಳಹದಿ.

ಈ ಸೂತ್ರವನ್ನು ಹಗುರವಾಗಿ ಕಾಣುವಂತಿಲ್ಲ. ‘ಹೊಟ್ಟೆಗೆ ಮಾತ್ರ’ ಎಂಬ ಜೀತದ ಅಳತೆಯಿಂದ ಬಟ್ಟೆ, ದೀಪ, ಹಬ್ಬ, ಮುಪ್ಪು ಇವುಗಳವರೆಗೆ ‘ಸಾಕು’ ಎಂಬುದರ ಅರ್ಥವನ್ನು ಹಿಗ್ಗಿಸಿದ ದಾಖಲೆ ಅದು. ಹಬ್ಬವೂ ಮನುಷ್ಯನ ಅಗತ್ಯವೇ ಎಂದು ನ್ಯಾಯಾಲಯವೊಂದು ಬರೆದಿಟ್ಟದ್ದು ಸಣ್ಣ ಸಂಗತಿಯಲ್ಲ. ಆದರೂ ಮೂರು ಘಟಕಗಳ ವಿಂಗಡಣೆಯನ್ನು ನೋಡಿ: ಗಂಡ ೧, ಹೆಂಡತಿ ೦.೮, ಇಬ್ಬರು ಮಕ್ಕಳು ತಲಾ ೦.೬. ಹೆಂಗಸರ ಮತ್ತು ಮಕ್ಕಳ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದೂ ಸಮ್ಮೇಳನ ಹೇಳಿತು. ಹೆಂಡತಿಯ ಗಳಿಕೆಯ ನೆಪದಲ್ಲಿ ಗಂಡನ ಕೂಲಿಯನ್ನು ಕಡಿತಗೊಳಿಸಬಾರದೆಂಬ ಸದುದ್ದೇಶ ಅದರ ಹಿಂದಿದೆ. ಆದರೆ ಪರಿಣಾಮದಲ್ಲಿ ಅಳೆಯುವ ಲಕ್ಕಮ್ಮ ಮುಕ್ಕಾಲಿಗೂ ತುಸು ಮಿಗಿಲಾದ ಬಾಬಾಗಿ ಉಳಿದಳು. ವಯಸ್ಸಾದ ತಾಯಿತಂದೆಗೆ ಈ ಮೂರು ಘಟಕಗಳಲ್ಲಿ ಸ್ಥಾನವಿಲ್ಲ. ಬಾಗಿಲಿಗೆ ಬರುವವನಂತೂ ಲೆಕ್ಕದ ಹೊರಗೇ.

೬

ಅಳೆಯುವ ಹೆಂಡತಿ ನಮ್ಮ ಕಾಲದ ಸಾಹಿತ್ಯದಲ್ಲಿ ಮತ್ತೆ ಕಾಣಿಸಿಕೊಂಡದ್ದು ೨೦೧೩ರಲ್ಲಿ ಪ್ರಕಟವಾದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಿರುಕಾದಂಬರಿಯಲ್ಲಿ. ಬೆಂಗಳೂರಿನ ಆ ಕುಟುಂಬ ಒಂದು ಕಾಲದಲ್ಲಿ ತಂದೆಯ ಒಂದು ಸಂಬಳದಲ್ಲಿ, ಪ್ರತಿ ಖರ್ಚಿನ ಲೆಕ್ಕ ನೋಡಿಕೊಂಡು ಬದುಕಿತ್ತು. ತಂದೆಯ ನೌಕರಿ ಹೋದ ಮೇಲೆ ಚಿಕ್ಕಪ್ಪ ಆರಂಭಿಸಿದ ಮಸಾಲೆ ವ್ಯಾಪಾರ ಕೈಹಿಡಿದು ಹಣ ಬರತೊಡಗುತ್ತದೆ. ಹಣದೊಂದಿಗೆ ಮನೆಯ ಮಾತು, ಸಂಬಂಧ, ಭಯ ಎಲ್ಲವೂ ಬದಲಾಗುತ್ತವೆ. ಕಥೆ ಹೇಳುವ ಮಗನಿಗೆ ಸಂಸ್ಥೆಯಲ್ಲಿ ಹುದ್ದೆಯ ಹೆಸರಿದೆ, ಕೆಲಸವಿಲ್ಲ. ಹಣ ಮಾತ್ರ ತಿಂಗಳು ತಿಂಗಳು ಖಾತೆಗೆ ಬಂದು ಬೀಳುತ್ತದೆ.

ಕಾದಂಬರಿಯನ್ನು ಹಣದಿಂದ ಕೆಟ್ಟ ಕುಟುಂಬದ ನೀತಿಕಥೆಯಾಗಿ ಓದುವುದು ಸಾಮಾನ್ಯ. ಆದರೆ ಅದರ ಒತ್ತಡ ಇರುವುದು ಸೊಸೆಯಾಗಿ ಬಂದ ಅನಿತಾಳ ಪ್ರಶ್ನೆಯಲ್ಲಿ ಎಂದು ನನಗನ್ನಿಸುತ್ತದೆ. ಗಂಡ ದುಡಿಯುತ್ತಿಲ್ಲ, ಆದರೂ ಹಣ ಬರುತ್ತಿದೆ ಎಂಬುದು ತಿಳಿದಾಗ ಆಕೆ ತೃಪ್ತಳಾಗಬೇಕಿತ್ತು. ಲೋಕದ ಲೆಕ್ಕದಲ್ಲಿ ಅದು ಭಾಗ್ಯವೇ. ಆಕೆ ತೃಪ್ತಳಾಗುವುದಿಲ್ಲ. ಇದು ನಿನ್ನ ದುಡಿಮೆಯದೇ, ಎಲ್ಲಿಂದ ಬಂತು ಎಂದು ವಿಚಾರಿಸುತ್ತಾಳೆ. ಹೆಚ್ಚಿನ ಅಕ್ಕಿಯನ್ನು ಕಂಡ ಲಕ್ಕಮ್ಮ ಕೇಳಿದ್ದೂ ಇದನ್ನೇ. ಲೇಖಕರು ಲಕ್ಕಮ್ಮನನ್ನು ನೆನೆದು ಈ ಪಾತ್ರವನ್ನು ರಚಿಸಿದರೆಂದು ಇದರ ಅರ್ಥವಲ್ಲ. ಒಂದೇ ಭಾಷೆಯಲ್ಲಿ, ಎಂಟು ಶತಮಾನಗಳ ಅಂತರದಲ್ಲಿ, ಮನೆಯ ಅನ್ನದ ಮೂಲವನ್ನು ಪ್ರಶ್ನಿಸುವವಳು ಹೆಂಡತಿಯೇ ಆಗಿರುವುದು ಗಮನಾರ್ಹ ಎಂದಷ್ಟೇ ಹೇಳುತ್ತಿದ್ದೇನೆ. ವ್ಯತ್ಯಾಸವೂ ಅಷ್ಟೇ ದೊಡ್ಡದು. ಕಲ್ಯಾಣದಲ್ಲಿ ಗಂಡ ಆಕೆಯ ಮಾತನ್ನು ಕೇಳಿ ಅಕ್ಕಿಯನ್ನು ಹಿಂದಿರುಗಿಸಿ ಬಂದ. ಆ ಮನೆ ಸಂವಾದಕ್ಕೆ ತೆರೆದಿತ್ತು. ಬೆಂಗಳೂರಿನ ಮನೆಯಲ್ಲಿ ಪ್ರಶ್ನೆ ಕೇಳಿದವಳೇ ಅಪಾಯವಾಗಿ ಕಾಣತೊಡಗುತ್ತಾಳೆ. ಆಕೆಯ ಗತಿಯನ್ನು ಕುರಿತು ಕಾದಂಬರಿ ನೇರವಾಗಿ ಏನನ್ನೂ ಹೇಳದೆ ಓದುಗನಲ್ಲಿ ಭಯವನ್ನು ಉಳಿಸಿ ಮುಗಿಯುತ್ತದೆ. ‘ಸಾಕು’ ಎನ್ನುವ ಅಧಿಕಾರವುಳ್ಳ ವ್ಯಕ್ತಿಯನ್ನು ಕಳೆದುಕೊಂಡ ಮನೆಯಲ್ಲಿ ಯಾವ ಮೊತ್ತವೂ ಸಾಕಾಗುವುದಿಲ್ಲ ಎಂಬುದು ಈ ಕೃತಿಯ ದರ್ಶನ.

೭

ಇಷ್ಟಾದ ಮೇಲೂ ವಿದ್ಯಾರ್ಥಿನಿ ಕೇಳಿದ್ದು ಒಂದು ಮೊತ್ತವನ್ನು. ಮೊತ್ತವನ್ನು ಹೇಳಿದವರೂ ಇದ್ದಾರೆ. ೨೦೧೦ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಆಂಗಸ್ ಡೀಟನ್ ಅಮೆರಿಕದ ಸಮೀಕ್ಷೆಯೊಂದರ ಆಧಾರದ ಮೇಲೆ, ವಾರ್ಷಿಕ ಆದಾಯ ೭೫,೦೦೦ ಡಾಲರ್ ಸುಮಾರಿಗೆ ಮುಟ್ಟಿದ ಮೇಲೆ ದಿನನಿತ್ಯದ ಸಂತೋಷ ಆದಾಯದೊಂದಿಗೆ ಹೆಚ್ಚುವುದಿಲ್ಲವೆಂದರು. ೨೦೨೧ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಅಂಥ ಮಿತಿ ತಮಗೆ ಕಾಣಲಿಲ್ಲವೆಂದರು. ೨೦೨೩ರಲ್ಲಿ ಕಾಹ್ನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್, ಬಾರ್ಬರಾ ಮೆಲ್ಲರ್ಸ್ ಅವರೊಡಗೂಡಿ, ಬಹುಪಾಲು ಜನರಲ್ಲಿ ಸಂತೋಷ ಆದಾಯದೊಂದಿಗೆ ಏರುತ್ತಲೇ ಹೋಗುತ್ತದೆ, ತೀರ ಅಸುಖಿಗಳಾದ ಕೆಲವರಲ್ಲಿ ಮಾತ್ರ ಒಂದು ಹಂತದ ನಂತರ ನಿಲ್ಲುತ್ತದೆ ಎಂಬ ನಿಲುವಿಗೆ ಬಂದರು. ಮೊತ್ತ ಹೇಳಿದ ವಿದ್ವಾಂಸರೇ ಅದನ್ನು ತಿದ್ದಿಕೊಳ್ಳಬೇಕಾಯಿತು. ಅದು ಅವರ ಪ್ರಾಮಾಣಿಕತೆ. ಆದರೆ ಆ ಪ್ರಶ್ನಾವಳಿಗಳಿಗೆ ಅಕ್ಕಿ ಯಾರ ಅಂಗಳದಿಂದ ಬಂತು, ಬಾಗಿಲಲ್ಲಿ ಯಾರಿದ್ದರು ಎಂಬ ಕುತೂಹಲವಿರಲಿಲ್ಲ.

ಗೋಷ್ಠಿಯ ಮರುದಿನ ಆ ವಿದ್ಯಾರ್ಥಿನಿಯನ್ನು ಕರೆದು, ನನ್ನ ಉತ್ತರ ಸರಿಯಿರಲಿಲ್ಲವೆಂದು ಹೇಳಿ, ಆಕೆಯ ಲೆಕ್ಕವನ್ನೇ ಕೇಳಿದೆ. ಆಕೆ ಟಿಪ್ಪಣಿ ಪುಸ್ತಕದ ಹಿಂಬದಿಯಲ್ಲಿ ಬರೆದಳು. ಊರಿಗೆ ಕಳುಹಿಸಲು ೫,೦೦೦, ಕೋಣೆಯ ಬಾಡಿಗೆಯ ಪಾಲು ೯,೦೦೦, ಊಟ ೬,೦೦೦, ಓಡಾಟ ೧,೫೦೦, ಪುಸ್ತಕ ಮತ್ತು ಪ್ರತಿ ತೆಗೆಸಲು ೧,೫೦೦, ಫೋನು, ಸಾಬೂನು ಇತ್ಯಾದಿ ೧,೫೦೦, ಕಾಯಿಲೆ ಮತ್ತು ಊರಿನ ಪ್ರಯಾಣಕ್ಕೆ ತೆಗೆದಿಡಲು ೨,೫೦೦. ತಿಂಗಳಿಗೆ ೨೭,೦೦೦, ವರ್ಷಕ್ಕೆ ೩,೨೪,೦೦೦ ರೂಪಾಯಿ. ಅರ್ಹತಾ ಪರೀಕ್ಷೆಯ ಕಿರಿಯ ಸಂಶೋಧನ ಶಿಷ್ಯವೇತನ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ಆಗಿದೆ. ಅದು ದೊರೆಯದವರಿಗೆ ಕೇಂದ್ರೀಯ ವಿಶ್ವವ���ದ್ಯಾಲಯಗಳಲ್ಲಿ ಗೊತ್ತುಮಾಡಿದ್ದ ೮,೦೦೦ ರೂಪಾಯಿ ಎಷ್ಟೋ ವರ್ಷ ಕದಲದೆ ನಿಂತದ್ದನ್ನು ಈ ಪತ್ರಿಕೆಯ ಓದುಗರು ಬಲ್ಲರು. ವರ್ಷಕ್ಕೆ ಅದು ೯೬,೦೦೦. ಆಕೆ ಈ ಎರಡನೆಯ ವರ್ಗದವಳು.

ಆಕೆಯ ಪಟ್ಟಿಯಲ್ಲಿ ಊರಿಗೆ ಕಳುಹಿಸುವ ಹಣ ಮೊದಲನೆಯ ಸಾಲಿನಲ್ಲಿತ್ತು. ೧೯೫೭ರ ಸೂತ್ರದಲ್ಲಿ ಸ್ಥಾನವಿಲ್ಲದ ತಾಯಿತಂದೆ ಇಲ್ಲಿ ಬಾಡಿಗೆಗಿಂತ ಮುಂಚೆ ಬಂದಿದ್ದರು. “ಮೂವತ್ತು ಸಾವಿರ ಅಂತಲೇ ಇಟ್ಟುಕೊಳ್ಳಮ್ಮ” ಎಂದೆ. “ಆ ಮೂರು ಸಾವಿರ ಯಾವುದಕ್ಕೆ ಸರ್?” ಎಂದಳು. ನನಗೆ ರೋಮಾಂಚನವಾಯಿತು; ಲಕ್ಕಮ್ಮನೇ ಎದುರಿಗೆ ಕುಳಿತ ಹಾಗೆನಿಸಿತು. ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿದಾಗ ಅದರಲ್ಲಿ ಬಟ್ಟೆ ಇರಲಿಲ್ಲ, ಹಬ್ಬ ಇರಲಿಲ್ಲ, ಒಂದು ಸಿನಿಮಾ ಇರಲಿಲ್ಲ. ಐಕ್ರಾಯ್ಡ್ ಸೂತ್ರದ ೧೮ ಗಜ ಬಟ್ಟೆಯ ಪಾಲನ್ನೂ ಆಕೆ ಬರೆದುಕೊಂಡಿರಲಿಲ್ಲ. ಕೊರತೆಯಲ್ಲಿ ಬಹುಕಾಲ ಬದುಕಿದವರು ತಮ್ಮ ಬಯಕೆಯನ್ನೇ ಕುಗ್ಗಿಸಿಕೊಳ್ಳುತ್ತಾರೆ, ಅವರ ದೂರಿಲ್ಲದ ಬದುಕನ್ನು ಸುಖವೆಂದು ಎಣಿಸಬಾರದು ಎಂದು ಅಮರ್ತ್ಯ ಸೇನ್ ಎಚ್ಚರಿಸಿದ್ದಾರೆ. ಆಕೆಯ ಪ್ರಶ್ನೆಯನ್ನು ನಿರಾಸೆಯ ಆದರ್ಶವೆಂದು ಹೊಗಳಿದ್ದರೆ ಹಿಂದಿನ ದಿನದ ತಪ್ಪನ್ನು ಇನ್ನೊಂದು ರೀತಿಯಲ್ಲಿ ಮಾಡಿದಂತಾಗುತ್ತಿತ್ತು.

ಮೂರನೆಯ ಭಾಗದಲ್ಲಿ ಬಿಟ್ಟ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೆಚ್ಚಿನ ಅಕ್ಕಿ ಕೈಯಲ್ಲಿದ್ದಾಗ ‘ಸಾಕು’ ಎಂದರೆ ಅದು ತೃಪ್ತಿ. ಅಕ್ಕಿಯೇ ಇಲ್ಲದಾಗ ಅದೇ ಮಾತನ್ನು ಆಡಿದರೆ, ಅಥವಾ ಆಡಿಸಿದರೆ, ಅದು ಜೀತದ ಭಾಷೆ. ಈ ಭೇದವನ್ನು ಕಾಣಿಸದ ಯಾವ ವಿವೇಚನೆಯೂ ಲಕ್ಕಮ್ಮನಿಗೆ ನ್ಯಾಯ ಸಲ್ಲಿಸದು. ಆಕೆಯ ವಚನಗಳನ್ನು ಬೋಧಿಸುವ ಹಕ್ಕು ನಮಗಿದೆ. ಆದರೆ ಅವು ಹೆಚ್ಚು ಪಡೆದವರಾದ ನಮ್ಮ ಕಡೆಗೆ ತಿರುಗಿ ನಿಂತ ಮಾತುಗಳೆಂದು ತಿಳಿದು ಬೋಧಿಸಬೇಕು. ವರ್ಷಕ್ಕೆ ಎಷ್ಟು ಸಾಕು ಎಂಬುದನ್ನು ಆ ಬದುಕನ್ನು ಬದುಕುವವರೇ ಹೇಳಬೇಕು. ಹಾಗೆ ಹೇಳಲು ಬೇಕಾದಷ್ಟನ್ನು ಅವರ ಕೈಗೆ ಸಕಾಲದಲ್ಲಿ ತಲುಪಿಸುವುದು ಭಂಡಾರದ ಕೀಲಿ ಇರುವವರ ಕೆಲಸ.

ಅಂದು ಆಕೆಯ ಪಟ್ಟಿಗೆ ಬಟ್ಟೆ ಮತ್ತು ಹಬ್ಬ ಎಂಬ ಎರಡು ಸಾಲುಗಳನ್ನು ಸೇರಿಸಲು ಹೇಳಿದೆ. ಮೊತ್ತವನ್ನು ಆಕೆಯೇ ತುಂಬಲಿ ಎಂದು ಜಾಗ ಬಿಟ್ಟೆವು.